ಕೋಟಗಢದ ಸೇಬು ಕೃಷಿಯ ಪ್ರವರ್ತಕ ಸತ್ಯಾನಂದ ಸ್ಟೋಕ್ಸ್

ಪ್ರತಿ ವರ್ಷ ಆಗಸ್ಟ್ ತಿಂಗಳು ಬಂತೆಂದರೆ ನಮ್ಮ ರಾಜ್ಯದ ಹಣ್ಣಿನ ಮಾರುಕಟ್ಟೆಗಳಲ್ಲಿ ಶಿಮ್ಲಾ ಸೇಬು ಬಂದಿಳಿಯುತ್ತದೆ. ಮಾರುವವರಿಗೂ ಕೊಳ್ಳುವವರಿಗೂ ಈ ಹೆಸರು ಬಾಯಿಪಾಠವಾಗಿದೆ. ಆದರೆ ಶಿಮ್ಲಾ ಬೆಟ್ಟಗಳಲ್ಲಿ ಈ ಹಣ್ಣು ಅನಾದಿಯಿಂದ ಬೆಳೆಯುತ್ತಿದ್ದುದಲ್ಲ. ನೂರು ವರ್ಷಗಳ ಹಿಂದೆ ಆ ಇಳಿಜಾರುಗಳಲ್ಲಿ ಗೋಧಿ, ಬಾರ್ಲಿ, ಮೆಕ್ಕೆಜೋಳ ಮತ್ತು ಆಲೂಗೆಡ್ಡೆಗಳೇ ಇದ್ದವು. ಅಲ್ಲಿನ ಸಣ್ಣ ಹಿಡುವಳಿದಾರರು ಧಾನ್ಯದಿಂದ ಸೇಬಿನ ಕಡೆಗೆ ಹೊರಳಿದುದರ ಹಿಂದೆ ಅಮೆರಿಕದಿಂದ ವಲಸೆ ಬಂದು, ಇಲ್ಲಿಯ ಮಣ್ಣಿನಲ್ಲೇ ನೆಲೆನಿಂತ ಒಬ್ಬ ಕೃಷಿಕರ ಸುಮಾರು ಮೂರು ದಶಕಗಳ ಶ್ರಮವಿದೆ. ಅವರೇ ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್. ಮುಂದೆ ಅವರು ಸತ್ಯಾನಂದ ಸ್ಟೋಕ್ಸ್ ಎಂದು ಹೆಸರಾದರು.

ಸ್ಟೋಕ್ಸ್ ಅವರ ಬಗ್ಗೆ ಬರೆಯುವಾಗ ಸಾಮಾನ್ಯವಾಗಿ ನುಸುಳುವ ಒಂದು ತಪ್ಪನ್ನು ಮೊದಲೇ ತಿದ್ದಿಕೊಳ್ಳುವುದು ಒಳಿತು. ಹಿಮಾಚಲಕ್ಕೆ ಮೊತ್ತಮೊದಲು ಸೇಬನ್ನು ತಂದವರು ಅವರಲ್ಲ. 1870ರ ಸುಮಾರಿಗೆ ಕ್ಯಾಪ್ಟನ್ ಲೀ ಎಂಬ ಆಂಗ್ಲ ಅಧಿಕಾರಿ ಕುಲ್ಲು ಕಣಿವೆಯ ಬಂದ್ರೋಲ್‌ನಲ್ಲಿ ಸೇಬಿನ ತೋಟ ಮಾಡಿದ್ದರು. 1887ರಲ್ಲಿ ಶಿಮ್ಲಾ ಬಳಿಯ ಮಶೋಬ್ರಾದಲ್ಲಿ ಅಲೆಕ್ಸಾಂಡರ್ ಕೌಟ್ಸ್ ಅವರ ತೋಟ ಆರಂಭವಾಯಿತು. ಹೀಗಿದ್ದರೂ ಆ ತೋಟಗಳಿಂದ ಸೇಬು ಸುತ್ತಲಿನ ರೈತರ ಹೊಲಗಳಿಗೆ ಹೆಚ್ಚಾಗಿ ಹರಡಲಿಲ್ಲ. ಸ್ಟೋಕ್ಸ್ ಅವರ ತೋಟದಿಂದ ಹರಡಿತು. ಈ ವ್ಯತ್ಯಾಸ ಏಕೆ ಉಂಟಾಯಿತು ಎಂಬುದೇ ರೈತ ಬಾಂಧವರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಅವರ ಜೀವನದಲ್ಲಿ ಗಮನಿಸಬೇಕಾದ ಸಂಗತಿ.

ಬಾಲ್ಯ ಮತ್ತು ಭಾರತಕ್ಕೆ ಆಗಮನ

ಸ್ಟೋಕ್ಸ್ ಅವರು 1882ರ ಆಗಸ್ಟ್ 16ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಫಿಲಡೆಲ್ಫಿಯಾ ನಗರದಲ್ಲಿ ಜನಿಸಿದರು. ಮನೆತನ ಕ್ವೇಕರ್ ಪಂಥಕ್ಕೆ ಸೇರಿದ್ದು. ಸರಳತೆ, ಅಹಿಂಸೆ ಹಾಗೂ ಸೇವೆಗೆ ಈ ಪಂಥದಲ್ಲಿ ಹೆಚ್ಚಿನ ಪ್ರಾಶಸ್ತ್ಯ. ತಂದೆ ಲಿಫ್ಟ್ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಒಡೆಯರು. ಮಗ ಉದ್ಯಮವನ್ನು ಮುಂದುವರಿಸುವನೆಂಬ ನಿರೀಕ್ಷೆ ಮನೆಯಲ್ಲಿ ಇದ್ದುದು ಸಹಜ. ಯುವಕ ಸ್ಟೋಕ್ಸ್ ಅವರಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ.

ಭಾರತದಲ್ಲಿ ಕುಷ್ಠರೋಗಿಗಳ ಆರೈಕೆಯಲ್ಲಿ ತೊಡಗಿದ್ದ ಡಾ. ಕಾರ್ಲ್ಟನ್ ದಂಪತಿಗಳ ಕೆಲಸಕ್ಕೆ ಮನಸೋತು 1904ರ ಆರಂಭದಲ್ಲಿ, ತಮ್ಮ 21ನೆಯ ವಯಸ್ಸಿನಲ್ಲಿ, ಅವರು ಮುಂಬಯಿಗೆ ಬಂದಿಳಿದರು. ಅಲ್ಲಿಂದ ಶಿಮ್ಲಾ ಬೆಟ್ಟಗಳ ತಪ್ಪಲಿನ ಸುಬಾಥು ಎಂಬಲ್ಲಿದ್ದ ಕುಷ್ಠರೋಗಿಗಳ ಆಶ್ರಮವನ್ನು ಸೇರಿದರು. ಮರುವರ್ಷ, 1905ರ ಏಪ್ರಿಲ್ 4ರಂದು ಕಾಂಗ್ರಾ ಕಣಿವೆಯಲ್ಲಿ ಭೀಕರ ಭೂಕಂಪ ಸಂಭವಿಸಿ ಸಾವಿರಾರು ಜನ ಮಡಿದಾಗ ಪರಿಹಾರ ಕಾರ್ಯದಲ್ಲಿ ದುಡಿದರು. ಆ ಬಳಿಕ ಕೆಲವು ವರ್ಷ ಆಸ್ತಿಪಾಸ್ತಿಯ ಹಂಗಿಲ್ಲದೆ, ಸಾಧುಗಳಂತೆ ಬೆಟ್ಟದ ಹಳ್ಳಿಗಳಲ್ಲಿ ಅಲೆಯುತ್ತ ರೋಗಿಗಳ ಶುಶ್ರೂಷೆ ಮಾಡಿದರು. ತಮ್ಮಂತೆಯೇ ಬಾಳಬಯಸುವವರಿಗಾಗಿ ಒಂದು ಸಹೋದರ ಸಂಘವನ್ನೂ ಕಟ್ಟಿದರು. ಅದು ಬಹುಕಾಲ ನಿಲ್ಲಲಿಲ್ಲ.

ಈ ಅಲೆದಾಟದ ಅವಧಿಯಲ್ಲಿ ಅವರಿಗೆ ಪರಿಚಯವಾದ ಊರು ಕೋಟಗಢ. ಶಿಮ್ಲಾದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ, ಸಟ್ಲೆಜ್ ನದಿಯ ಕಡೆಗೆ ಇಳಿಯುವ ಬೆಟ್ಟದ ಮೈಯಲ್ಲಿ ಈ ಪ್ರದೇಶವಿದೆ. ಟಿಬೆಟ್‌ನತ್ತ ಸಾಗುವ ಹಳೆಯ ಹಿಂದೂಸ್ತಾನ್–ಟಿಬೆಟ್ ಮಾರ್ಗ ಈ ಭಾಗದಿಂದಲೇ ಹಾದುಹೋಗುತ್ತಿತ್ತು. ಸುತ್ತಲೂ ಚಿಕ್ಕಪುಟ್ಟ ಪಹಾಡಿ ಸಂಸ್ಥಾನಗಳು. ಕೋಟಗಢ ಮಾತ್ರ ನೇರವಾಗಿ ಬ್ರಿಟಿಷರ ಆಡಳಿತಕ್ಕೆ ಒಳಪಟ್ಟಿತ್ತು.

ಬೇಸಾಯಗಾರನಾಗಿ ನೆಲೆನಿಂತದ್ದು

ಹಳ್ಳಿಯವರ ನಡುವೆ ವರ್ಷಗಟ್ಟಲೆ ಇದ್ದರೂ ತಾವು ಹೊರಗಿನವರಾಗಿಯೇ ಉಳಿದಿದ್ದೇವೆ ಎಂಬ ಅರಿವು ಸ್ಟೋಕ್ಸ್ ಅವರನ್ನು ಕಾಡಿತು. ಸಂನ್ಯಾಸಿಗೆ ಮಳೆ ಬಾರದಿದ್ದರೆ ನಷ್ಟವಿಲ್ಲ, ಬೆಳೆ ಕೈಕೊಟ್ಟರೆ ಸಾಲವಿಲ್ಲ, ಮನೆಯಲ್ಲಿ ಮಕ್ಕಳ ಚಿಂತೆಯಿಲ್ಲ. ರೈತನ ಕಷ್ಟಸುಖ ತಿಳಿಯಬೇಕಾದರೆ ರೈತನಾಗಿಯೇ ಬದುಕಬೇಕು ಎಂಬ ನಿರ್ಧಾರಕ್ಕೆ ಅವರು ಬಂದರು. 1912ರ ಸೆಪ್ಟೆಂಬರ್ 12ರಂದು ಕೋಟಗಢದ ರಾಜಪೂತ ಮೂಲದ ಕ್ರೈಸ್ತ ಕುಟುಂಬದ ಆಗ್ನೆಸ್ ಅವರನ್ನು ವಿವಾಹವಾದರು. ಆಳುವ ಬಿಳಿಯರಿಗೂ ಬೆಟ್ಟದ ಜನರಿಗೂ ನಡುವೆ ದೊಡ್ಡ ಗೋಡೆಯೇ ಇದ್ದ ಕಾಲ ಅದು. ಅಂತಹ ಮದುವೆ ಎರಡೂ ಕಡೆಯವರ ಹುಬ್ಬೇರಿಸುವಂತಹದ್ದಾಗಿತ್ತು.

ಥಾನಾಧಾರ್ ಬಳಿಯ ಬಾರೋಬಾಗ್ ಎಂಬಲ್ಲಿ ಅವರು ಜಮೀನು ಕೊಂಡರು. ಸಮುದ್ರ ಮಟ್ಟದಿಂದ 2,000 ಮೀಟರಿಗೂ ಎತ್ತರದ ಸ್ಥಳ. ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಅಲ್ಲಿಯೇ ಹಾರ್ಮನಿ ಹಾಲ್ ಎಂಬ ಮನೆಯನ್ನು ಕಟ್ಟಿಸಿಕೊಂಡರು. ಕೃಷಿಯಲ್ಲಿ ಅವರಿಗೆ ಕುಟುಂಬದಿಂದ ಬಂದ ಅನುಭವವೇನೂ ಇರಲಿಲ್ಲ. ಆದರೆ ತಾಯಿಯ ಮನೆಯ ಆರ್ಥಿಕ ಬೆಂಬಲವಿತ್ತು. ಇದನ್ನು ಮರೆಮಾಚುವುದು ಸರಿಯಲ್ಲ. ಹಲವು ವರ್ಷ ಆದಾಯವಿಲ್ಲದೆ ಕಾಯುವ ಶಕ್ತಿ ಅವರಿಗೆ ಇತ್ತು, ನೆರೆಯ ರೈತರಿಗೆ ಇರಲಿಲ್ಲ. ಆ ಶಕ್ತಿಯನ್ನು ಅವರು ಹೇಗೆ ಬಳಸಿದರು ಎಂಬುದು ಮುಂದಿನ ಮಾತು.

ನೆರೆಹೊರೆಯವರ ಸ್ಥಿತಿಯಾದರೂ ಹೇಗಿತ್ತು? ಬೆಟ್ಟದ ಇಳಿಜಾರನ್ನು ಕಡಿದು ಮಾಡಿದ ಮೆಟ್ಟಿಲು ಹೊಲಗಳು ಅಂಗೈ ಅಗಲದಷ್ಟು. ಅವುಗಳಲ್ಲಿ ಬೆಳೆದ ಧಾನ್ಯ ಮನೆಯ ಊಟಕ್ಕೇ ಸಾಲುತ್ತಿರಲಿಲ್ಲ. ಮಾರಿ ಹಣ ಕಾಣುವ ಮಾತಂತೂ ದೂರವೇ ಉಳಿಯಿತು. ಧಾನ್ಯವನ್ನು ಬೆಟ್ಟ ಇಳಿಸಿ ಮಾರುವುದೂ ಲಾಭದಾಯಕವಲ್ಲ, ಏಕೆಂದರೆ ಬಯಲುಸೀಮೆಯ ಗೋಧಿಯೊಂದಿಗೆ ಬೆಟ್ಟದ ಗೋಧಿ ಬೆಲೆಯಲ್ಲಿ ಸ್ಪರ್ಧಿಸಲಾರದು. ಬೆಟ್ಟದವರಿಗೆ ಬೇಕಾಗಿದ್ದುದು ಬಯಲಿನಲ್ಲಿ ಬೆಳೆಯಲಾಗದ, ಆದರೆ ಬಯಲಿನವರು ಹಣ ಕೊಟ್ಟು ಕೊಳ್ಳುವ ಬೆಳೆ. ಎತ್ತರವನ್ನೂ ಚಳಿಯನ್ನೂ ಅನುಕೂಲವಾಗಿ ಮಾರ್ಪಡಿಸಬಲ್ಲ ಬೆಳೆ. ಸೇಬು ಅಂತಹದ್ದು.

ತಳಿಯ ಆಯ್ಕೆ

ಕುಲ್ಲುವಿನಲ್ಲಿ ಆಗಲೇ ಬೆಳೆಯುತ್ತಿದ್ದ ಸೇಬು ಏಕೆ ಸಾಲಲಿಲ್ಲ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಆಂಗ್ಲರು ತಂದಿದ್ದ ತಳಿಗಳಲ್ಲಿ ಹೆಚ್ಚಿನವು ತಮ್ಮ ನಾಡಿನ ರುಚಿಗೆ ಒಪ್ಪುವಂತಹವು. ಕಾಕ್ಸ್ ಆರೆಂಜ್ ಪಿಪ್ಪಿನ್, ನ್ಯೂಟನ್ ಪಿಪ್ಪಿನ್ ಮೊದಲಾದ ಈ ತಳಿಗಳಲ್ಲಿ ಹುಳಿಯ ಅಂಶ ಎದ್ದುಕಾಣುತ್ತದೆ. ಶಿಮ್ಲಾದ ಬಂಗಲೆಗಳಲ್ಲಿ ಅವುಗಳಿಗೆ ಬೆಲೆಯಿತ್ತು. ದೆಹಲಿ, ಲಾಹೋರ್‌ಗಳ ಸಾಮಾನ್ಯ ಗ್ರಾಹಕನಿಗೆ ಹಣ್ಣೆಂದರೆ ಮೊದಲು ಸಿಹಿಯಾಗಿರಬೇಕು, ನೋಡಲು ಬಣ್ಣ ಇರಬೇಕು. ಮಾರುಕಟ್ಟೆಯ ನಾಲಗೆಯನ್ನು ಗಮನಿಸದೆ ಮಾಡಿದ ತೋಟ ಒಡೆಯನ ಹವ್ಯಾಸವಾಗಿ ಉಳಿಯುತ್ತದೆಯೇ ಹೊರತು ಊರಿನ ಬೆಳೆಯಾಗುವುದಿಲ್ಲ.

ಸ್ಟೋಕ್ಸ್ ಅವರು ಆರಿಸಿದ್ದು ರೆಡ್ ಡೆಲಿಶಸ್. ಆ ತಳಿಯ ಹುಟ್ಟಿನ ಕಥೆಯೂ ರೈತರಿಗೆ ರುಚಿಸುವಂತಹದ್ದು. ಅಮೆರಿಕದ ಅಯೋವಾ ರಾಜ್ಯದ ಜೆಸ್ಸಿ ಹಯಾಟ್ ಎಂಬ ರೈತರ ತೋಟದಲ್ಲಿ ಸಾಲು ತಪ್ಪಿ ಒಂದು ಬೀಜದ ಸಸಿ ಎದ್ದಿತು. ಅವರು ಅದನ್ನು ಕಡಿದುಹಾಕಿದರು. ಮತ್ತೆ ಚಿಗುರಿತು. ಮತ್ತೆ ಕಡಿದರು. ಮೂರನೆಯ ಬಾರಿ ಚಿಗುರಿದಾಗ ಉಳಿಸಿಕೊಂಡರು. ಅದು ಕೊಟ್ಟ ಹಣ್ಣನ್ನು 1893ರಲ್ಲಿ ಸ್ಟಾರ್ಕ್ ಬ್ರದರ್ಸ್ ಎಂಬ ನರ್ಸರಿಯವರು ನಡೆಸಿದ ಹಣ್ಣಿನ ಪ್ರದರ್ಶನಕ್ಕೆ ಕಳುಹಿಸಿದರು. ನರ್ಸರಿಯವರು ಆ ತಳಿಯ ಹಕ್ಕನ್ನು ಕೊಂಡು ಡೆಲಿಶಸ್ ಎಂದು ನಾಮಕರಣ ಮಾಡಿದರು. ಆ ನರ್ಸರಿ ಇದ್ದುದು ಮಿಸೌರಿ ರಾಜ್ಯದ ಲೂಯಿಸಿಯಾನ ಎಂಬ ಪಟ್ಟಣದಲ್ಲಿ. ಸ್ಟೋಕ್ಸ್ ಅವರು ಲೂಯಿಸಿಯಾನ ರಾಜ್ಯದಿಂದ ಸೇಬು ತಂದರೆಂದು ಹಲವು ಕಡೆ ಅಚ್ಚಾಗಿರುವುದಕ್ಕೆ ಈ ಹೆಸರಿನ ಗೊಂದಲವೇ ಕಾರಣ. ದಕ್ಷಿಣದ ಆ ಬಿಸಿ ರಾಜ್ಯಕ್ಕೂ ಈ ತಳಿಗೂ ಸಂಬಂಧವಿಲ್ಲ.

1916ರಲ್ಲಿ ಸ್ಟಾರ್ಕ್ ನರ್ಸರಿಯ ಸಸಿಗಳು ಬಾರೋಬಾಗ್‌ನಲ್ಲಿ ಬೇರೂರಿದವು. ಮೊದಲನೆಯ ಮಹಾಯುದ್ಧದ ನಡುವೆ, ಸಮುದ್ರ ಮಾರ್ಗವಾಗಿ, ರೈಲಿನಲ್ಲಿ, ಕೊನೆಗೆ ಬೆಟ್ಟದ ಹಾದಿಯಲ್ಲಿ ಅವು ಬರಬೇಕಾಗಿತ್ತು. ಎಲೆ ಉದುರಿ ಸುಪ್ತಾವಸ್ಥೆಯಲ್ಲಿರುವ ಸೇಬಿನ ಸಸಿ ಮಣ್ಣಿಲ್ಲದೆಯೂ, ಬೇರಿಗೆ ತೇವ ಕಾಯ್ದಿಟ್ಟರೆ, ವಾರಗಟ್ಟಲೆ ಬದುಕುತ್ತದೆ ಎಂಬುದರಿಂದಲೇ ಇಂತಹ ಸಾಗಣೆ ಸಾಧ್ಯ.

ಈ ತಳಿ ಕೋಟಗಢಕ್ಕೆ ಹೊಂದಿಕೊಂಡಿತು. ರೆಡ್ ಡೆಲಿಶಸ್ ಮೊಗ್ಗೊಡೆದು ಸರಿಯಾಗಿ ಹೂ ಬಿಡಬೇಕಾದರೆ ಚಳಿಗಾಲದಲ್ಲಿ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣಾಂಶದ ಸಾವಿರ ಗಂಟೆಗಳಿಗೂ ಹೆಚ್ಚು ಚಳಿ ಅದಕ್ಕೆ ದೊರೆಯಬೇಕು. ಬಾರೋಬಾಗ್‌ನ ಚಳಿಗಾಲ ಅದನ್ನು ಧಾರಾಳವಾಗಿ ಒದಗಿಸುತ್ತಿತ್ತು. (ನಮ್ಮ ರಾಜ್ಯದಲ್ಲಿ ಸೇಬು ನೆಡುವ ಉತ್ಸಾಹವಿರುವ ರೈತರು ಈ ಅಂಶವನ್ನು ಮರೆಯಬಾರದು. ಇಲ್ಲಿ ಕೆಲವರು ಪ್ರಯೋಗ ಮಾಡುತ್ತಿರುವುದು ಅಣ್ಣಾ, ಎಚ್‌ಆರ್‌ಎಂಎನ್–99 ಮೊದಲಾದ, ಅಲ್ಪ ಚಳಿ ಸಾಕಾಗುವ ತಳಿಗಳನ್ನು. ರೆಡ್ ಡೆಲಿಶಸ್ ನಮ್ಮ ಹವೆಗೆ ಸಲ್ಲದು.)

ಇನ್ನೊಂದು ಅಂಶವೂ ಮುಖ್ಯ. ರೆಡ್ ಡೆಲಿಶಸ್ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ. ಒಂದೇ ತಳಿಯ ಸಾವಿರ ಮರ ನೆಟ್ಟರೂ ಹೂ ಉದುರಿ ಬರಿದಾಗುತ್ತದೆ. ಅದೇ ಸಮಯಕ್ಕೆ ಹೂ ಬಿಡುವ ಬೇರೊಂದು ತಳಿ ಹತ್ತಿರದಲ್ಲಿರಬೇಕು, ನಡುವೆ ಜೇನ್ನೊಣ ಓಡಾಡಬೇಕು. 1921ರ ಕ್ರಿಸ್ಮಸ್ ಉಡುಗೊರೆಯಾಗಿ ಸ್ಟೋಕ್ಸ್ ಅವರ ತಾಯಿ ಅಮೆರಿಕದಿಂದ ಗೋಲ್ಡನ್ ಡೆಲಿಶಸ್ ತಳಿಯ ಸಸಿಗಳನ್ನು ಕಳುಹಿಸಿಕೊಟ್ಟರು. ಪಶ್ಚಿಮ ವರ್ಜೀನಿಯಾದಲ್ಲಿ ಹುಟ್ಟಿದ ಈ ಹಳದಿ ಸೇಬಿನ ಮೂಲ ಮರವನ್ನು ಸ್ಟಾರ್ಕ್ ನರ್ಸರಿಯವರು 1914ರಲ್ಲಿ 5,000 ಡಾಲರ್ ತೆತ್ತು ಕೊಂಡು, ಕಳ್ಳರು ಕಸಿಕಡ್ಡಿ ಕದಿಯದಂತೆ ಸುತ್ತಲೂ ಪಂಜರ ಕಟ್ಟಿಸಿದ್ದರು. ಕೆಂಪು ಡೆಲಿಶಸ್‌ಗೆ ಪರಾಗ ಒದಗಿಸುವ ತಳಿಗಳಲ್ಲಿ ಗೋಲ್ಡನ್ ಡೆಲಿಶಸ್ ಉತ್ತಮವೆಂದು ಇಂದಿಗೂ ಪರಿಗಣಿಸಲಾಗುತ್ತದೆ. ತಾಯಿ ಕಳುಹಿಸಿದ ಉಡುಗೊರೆ ತೋಟಕ್ಕೂ ಉಡುಗೊರೆಯೇ ಆಯಿತು.

ಆ ವರ್ಷದ ಕ್ರಿಸ್ಮಸ್ ಹಬ್ಬದಂದು ಸ್ಟೋಕ್ಸ್ ಅವರು ಮನೆಯಲ್ಲಿ ಇರಲಿಲ್ಲ. ಲಾಹೋರಿನ ಸೆರೆಮನೆಯಲ್ಲಿದ್ದರು.

ಬಿಟ್ಟಿ ಬೇಗಾರಿಯ ವಿರುದ್ಧ ಹೋರಾಟ

ತೋಟಗಾರರ ಜೀವನ ಚರಿತ್ರೆಯಲ್ಲಿ ಸೆರೆಮನೆಯ ಪ್ರಸ್ತಾಪ ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಕೋಟಗಢದ ರೈತ ಅಂದು ತನ್ನ ದಿನಗಳ ಒಡೆಯನಾಗಿರಲಿಲ್ಲ ಎಂಬುದನ್ನು ತಿಳಿದರೆ ಹಾಗೆನಿಸದು.

ಹಿಂದೂಸ್ತಾನ್–ಟಿಬೆಟ್ ಮಾರ್ಗದಲ್ಲಿ ಸಾಗುವ ಅಧಿಕಾರಿಗಳು, ಬೇಟೆಗೆ ಹೊರಟ ದೊರೆಗಳು, ಅವರ ಸಂಸಾರ, ಅವರ ಡೇರೆ ಮತ್ತು ಪೆಟ್ಟಿಗೆಗಳು ಒಂದು ತಂಗುದಾಣದಿಂದ ಇನ್ನೊಂದಕ್ಕೆ ಹೋಗುತ್ತಿದ್ದುದು ಹಳ್ಳಿಗರ ಬೆನ್ನ ಮೇಲೆ. ಕರೆ ಬಂದಾಗ ಮನೆಗೊಬ್ಬ ಗಂಡಾಳು ಹೊರೆ ಹೊರಲು ಹಾಜರಾಗಬೇಕು. ಕುದುರೆಗಳಿಗೆ ಹುಲ್ಲು, ಒಲೆಗೆ ಸೌದೆ, ಹಾಲು ಎಲ್ಲವನ್ನೂ ಒದಗಿಸಬೇಕು. ಕೊಟ್ಟರೆ ಅಲ್ಪ ಕೂಲಿ, ಇಲ್ಲದಿದ್ದರೆ ಅದೂ ಇಲ್ಲ. ಅಲ್ಲಿ ಇದನ್ನು ಬೇಗಾರ್ ಎನ್ನುತ್ತಿದ್ದರು. ನಮ್ಮಲ್ಲಿಯೂ ಬಿಟ್ಟಿ ಬೇಗಾರಿ ಎಂಬ ಮಾತು ಹಿರಿಯರ ಬಾಯಲ್ಲಿ ಇನ್ನೂ ಇದೆ. ಬೇಸಗೆಯಲ್ಲಿ ಶಿಮ್ಲಾ ಬ್ರಿಟಿಷ್ ಸರ್ಕಾರದ ರಾಜಧಾನಿಯಾಗಿರುತ್ತಿದ್ದುದರಿಂದ ಮೇಲಿನ ಬೆಟ್ಟಗಳತ್ತ ಪ್ರಯಾಣ ಹೆಚ್ಚುತ್ತಿದ್ದುದು ಸರಿಯಾಗಿ ಬಿತ್ತನೆ, ಕಳೆ, ಕೊಯ್ಲಿನ ತಿಂಗಳುಗಳಲ್ಲೇ.

ಹಣ್ಣಿನ ತೋಟದ ದೃಷ್ಟಿಯಿಂದ ಇದನ್ನು ಯೋಚಿಸಿ ನೋಡಬೇಕು. ಧಾನ್ಯದ ಹೊಲದಲ್ಲಿ ನಾಲ್ಕು ದಿನ ಕೆಲಸ ತಪ್ಪಿದರೆ ಇಳುವರಿ ಕುಗ್ಗೀತು. ಸೇಬಿನ ತೋಟದಲ್ಲಿ ಹಣ್ಣು ಬಲಿತ ವಾರ ಬಿಡಿಸದಿದ್ದರೆ ವರ್ಷದ ದುಡಿಮೆಯೇ ನೆಲಕ್ಕೆ ಬೀಳುತ್ತದೆ. ಸವರುವಿಕೆಗೆ, ಗುಣಿ ತೋಡುವುದಕ್ಕೆ, ಕೊಯ್ಲಿಗೆ, ಪೆಟ್ಟಿಗೆ ತುಂಬುವುದಕ್ಕೆ ತನ್ನ ಸಮಯ ತನ್ನ ಕೈಯಲ್ಲಿಲ್ಲದ ರೈತನಿಗೆ ಸಸಿಗಳನ್ನು ಹಂಚುವುದರಲ್ಲಿ ಅರ್ಥವೇನು? ಸ್ಟೋಕ್ಸ್ ಅವರ ಹೋರಾಟ ಹುಟ್ಟಿದ್ದು ನ್ಯಾಯದ ಪ್ರಜ್ಞೆಯಿಂದ. ಸೇಬಿಗಾಗಿ ಅವರು ಬೇಗಾರಿಯನ್ನು ವಿರೋಧಿಸಿದರೆಂದು ಹೇಳಲಾಗದು. ಆದರೆ ಒಂದು ನಡೆಯದಿದ್ದರೆ ಇನ್ನೊಂದೂ ಕೈಗೂಡುತ್ತಿರಲಿಲ್ಲ ಎಂದು ಈ ಲೇಖಕನ ಅಭಿಪ್ರಾಯ.

ಮಹಾಯುದ್ಧದ ಕಾಲದಲ್ಲಿ ಸ್ಟೋಕ್ಸ್ ಅವರು ಬ್ರಿಟಿಷ್ ಸೇನೆಯಲ್ಲಿ ಅಧಿಕಾರಿಯಾಗಿ ಬೆಟ್ಟದ ಯುವಕರನ್ನು ಸೈನ್ಯಕ್ಕೆ ಸೇರಿಸುವ ಕೆಲಸ ಮಾಡಿದ್ದರು. ಸಾಮ್ರಾಜ್ಯಕ್ಕಾಗಿ ಮಕ್ಕಳನ್ನು ಕಳುಹಿಸಿಕೊಟ್ಟ ಮನೆಗಳನ್ನೇ ಯುದ್ಧ ಮುಗಿದ ಮೇಲೂ ಹೊರೆಯಾಳುಗಳಂತೆ ನಡೆಸಿಕೊಂಡದ್ದು ಅವರನ್ನು ಕೆರಳಿಸಿತು. ಅಧಿಕಾರಿಗಳಿಗೆ ಪತ್ರಗಳನ್ನು ಬರೆದರು, ಪತ್ರಿಕೆಗಳಲ್ಲಿ ಲೇಖನ ಪ್ರಕಟಿಸಿದರು. ಫಲ ಕಾಣದಾಗ ಹಳ್ಳಿಗರನ್ನು ಸಂಘಟಿಸಿ ಹೊರೆ ಹೊರಲು ನಿರಾಕರಿಸುವಂತೆ ಮಾಡಿದರು. ಒಗ್ಗಟ್ಟು ಮುರಿಯಲಿಲ್ಲ. 1921ರಲ್ಲಿ ಸರ್ಕಾರ ಮಣಿಯಿತು. ತಲೆಮಾರುಗಳಿಂದ ಬಂದಿದ್ದ ಹೊರೆ ಕೋಟಗಢದವರ ಬೆನ್ನಿನಿಂದ ಇಳಿಯಿತು.

ಈ ಹೋರಾಟ ಅವರನ್ನು ರಾಷ್ಟ್ರೀಯ ಚಳವಳಿಯೊಳಕ್ಕೆ ಕರೆದೊಯ್ದಿತು. ಗಾಂಧೀಜಿ ಮತ್ತು ಸಿ. ಎಫ್. ಆಂಡ್ರೂಸ್ ಅವರ ನಿಕಟ ಪರಿಚಯವಾಯಿತು. ಖಾದಿ ಧರಿಸತೊಡಗಿದರು. ಅಖಿಲ ಭಾರತ ಕಾಂಗ್ರೆಸ್ ಸಮಿತಿಯ ಸದಸ್ಯರಾದರು. ಸರ್ಕಾರಿ ನೌಕರಿಯನ್ನೂ ಸೈನ್ಯವನ್ನೂ ತೊರೆಯುವಂತೆ ಭಾರತೀಯರಿಗೆ ಕರೆನೀಡಿ 1921ರ ಅಕ್ಟೋಬರಿನಲ್ಲಿ ರಾಷ್ಟ್ರನಾಯಕರು ಹೊರಡಿಸಿದ ಪ್ರಕಟಣೆಗೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. ಅದೇ ವರ್ಷದ ಡಿಸೆಂಬರ್ 3ರಂದು ಲಾಹೋರಿಗೆ ಹೋಗುತ್ತಿದ್ದಾಗ ವಾಘಾದಲ್ಲಿ ಅವರನ್ನು ಬಂಧಿಸಲಾಯಿತು. ರಾಜದ್ರೋಹದ ಆರೋಪ, ಆರು ತಿಂಗಳ ಸೆರೆವಾಸ. ಭಾರತದ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡ ಏಕೈಕ ಅಮೆರಿಕನ್ ಎಂದು ಅವರನ್ನು ಸ್ಮರಿಸಲಾಗುತ್ತದೆ. ಬಂಧನದ ಸುದ್ದಿ ತಿಳಿದ ಗಾಂಧೀಜಿ ತಮ್ಮ ಯಂಗ್ ಇಂಡಿಯಾ ಪತ್ರಿಕೆಯಲ್ಲಿ ಅವರ ಬಗ್ಗೆ ಬರೆದರು.

ಆ ಹೊತ್ತಿಗೆ ಬಾರೋಬಾಗ್‌ನ ಸೇಬಿನ ಗಿಡಗಳಿಗೆ ಐದು ವರ್ಷ. ಇನ್ನೂ ಮಾರುಕಟ್ಟೆಗೆ ಒಯ್ಯುವಷ್ಟು ಫಸಲು ಬಂದಿರಲಿಲ್ಲ.

ರೈತರ ಹೊಲಕ್ಕೆ ಇಳಿದ ಬಗೆ

ಬೀಜದಿಂದ ಬೆಳೆಸಿದ ಬೇರುಸಸಿಯ ಮೇಲೆ ಕಸಿ ಮಾಡಿದ ಸೇಬಿನ ಮರ ಹೇಳಿಕೊಳ್ಳುವಂತಹ ಫಸಲು ಕೊಡಲು ಏಳೆಂಟು ವರ್ಷ ಬೇಕು. ತುಂಡು ಹೊಲದಲ್ಲಿ ಬಾರ್ಲಿ ಬಿತ್ತುವುದನ್ನು ನಿಲ್ಲಿಸಿ ಅಲ್ಲಿ ಮರ ನೆಟ್ಟರೆ ಅಷ್ಟು ವರ್ಷ ಮನೆಯವರು ಏನು ತಿನ್ನಬೇಕು? ಕೋಟಗಢದ ರೈತರು ಆರಂಭದಲ್ಲಿ ಸೇಬಿನ ಮಾತಿಗೆ ಕಿವಿಗೊಡಲಿಲ್ಲ ಎಂಬುದನ್ನು ಅಜ್ಞಾನವೆಂದು ಬರೆಯುವವರಿದ್ದಾರೆ. ಅದು ಅಜ್ಞಾನವಲ್ಲ, ಲೆಕ್ಕಾಚಾರ. ಹಣ್ಣು ಕಣ್ಣಿಗೆ ಬೀಳುವವರೆಗೆ, ಅದಕ್ಕೆ ಬಂದ ಹಣ ಕೈಗೆ ಸಿಗುವವರೆಗೆ ಅವರು ಕಾದದ್ದು ಸರಿಯಾಗಿಯೇ ಇತ್ತು.

ಸ್ಟೋಕ್ಸ್ ಅವರು ಆ ಕಾಯುವ ಅವಧಿಯ ನಷ್ಟವನ್ನು ತಮ್ಮ ಜಮೀನಿನ ಮೇಲೆ ಹೊತ್ತುಕೊಂಡರು. ತಳಿ ಇಲ್ಲಿ ಒಗ್ಗುವುದೇ, ಯಾವ ಎತ್ತರಕ್ಕೆ, ಬೆಟ್ಟದ ಯಾವ ಮೈಗೆ ಹೊಂದುತ್ತದೆ, ಆಲಿಕಲ್ಲು ಮಳೆಗೆ ಏನಾಗುತ್ತದೆ ಎಂಬುದೆಲ್ಲ ಅವರ ತೋಟದಲ್ಲಿ, ಅವರ ಖರ್ಚಿನಲ್ಲಿ ಸಾಬೀತಾಗಬೇಕಿತ್ತು. 1920ರ ದಶಕದ ನಡುಭಾಗದ ಹೊತ್ತಿಗೆ ಕೆಂಪು ಹಣ್ಣುಗಳು ಮಾರಾಟಕ್ಕೆ ಹೊರಟವು. ಅಂದು ಕೋಟಗಢಕ್ಕೆ ಮೋಟಾರು ರಸ್ತೆ ಇರಲಿಲ್ಲ. ಹೇಸರಗತ್ತೆಗಳ ಮೇಲೆ ಹೇರಿದ ಹಣ್ಣು ಹಲವು ದಿನಗಳ ಹಾದಿ ಸವೆಸಿ ಶಿಮ್ಲಾ ತಲುಪಬೇಕು. ಅಲ್ಲಿಂದ ಮುಂದೆ 1903ರಲ್ಲಿ ಆರಂಭವಾಗಿದ್ದ ಕಾಲ್ಕಾ–ಶಿಮ್ಲಾ ರೈಲು ಇತ್ತು. ಹುಳಿ ಸೇಬಿಗೆ ಹೆಸರಾದ ಬೆಟ್ಟದಿಂದ ಬಂದ ಈ ಸಿಹಿ ಹಣ್ಣು ಬೇಗನೆ ಗಿರಾಕಿಗಳನ್ನು ಗಳಿಸಿತು. ಗಟ್ಟಿ ಸಿಪ್ಪೆಯ, ಹಲವು ವಾರ ಕೆಡದೆ ಉಳಿಯುವ ತಳಿಯಾದ್ದರಿಂದ ದೂರದ ಹಾದಿಯನ್ನೂ ತಾಳಿಕೊಂಡಿತು. ಆಯ್ಕೆಯ ಜಾಣ್ಮೆ ಇಲ್ಲಿಯೂ ಕಾಣುತ್ತದೆ.

ಹಣ ಬಂದದ್ದನ್ನು ಕಂಡ ಮೇಲೆ ರೈತರು ತಾವಾಗಿಯೇ ಬಂದರು. ಸ್ಟೋಕ್ಸ್ ಅವರು ಹೆಚ್ಚಿನ ಜಮೀನನ್ನು ಸಸ್ಯಾಗಾರಕ್ಕೆ ಮೀಸಲಿಟ್ಟು ಕಸಿ ಸಸಿಗಳನ್ನು ಬೆಳೆಸಿ ಊರವರಿಗೆ ಹಂಚಿದರು. ನೆಡುವ ಅಂತರ, ಸವರುವ ಕ್ರಮ, ಕೊಯ್ಲಿನ ಹದವನ್ನು ಸ್ವತಃ ತೋರಿಸಿಕೊಟ್ಟರು. ದೆಹಲಿಯ ದೊಡ್ಡ ವ್ಯಾಪಾರಿಗಳೊಂದಿಗೆ ತಮಗಿದ್ದ ಸಂಪರ್ಕವನ್ನು ನೆರೆಯವರ ಹಣ್ಣಿಗೂ ತೆರೆದಿಟ್ಟರು. ಹೊಸ ತಳಿಯ ಸಸಿಯನ್ನು ತನ್ನ ಬೇಲಿಯೊಳಗೇ ಇರಿಸಿಕೊಂಡು ಏಕಸ್ವಾಮ್ಯದ ಲಾಭ ಪಡೆಯುವ ಅವಕಾಶ ಅವರಿಗಿತ್ತು. ಸ್ಟಾರ್ಕ್ ನರ್ಸರಿಯವರು ಮರಕ್ಕೆ ಪಂಜರ ಕಟ್ಟಿದರು. ಸ್ಟೋಕ್ಸ್ ಅವರು ಕಸಿಕಡ್ಡಿಯನ್ನು ಕೇಳಿದವರಿಗೆ ಕೊಟ್ಟರು.

ಮುಂದಿನ ವರ್ಷಗಳು

ಸ್ಟೋಕ್ಸ್ ದಂಪತಿಗಳಿಗೆ ಏಳು ಮಕ್ಕಳು. ಅವರಲ್ಲಿ ತಾರಾ ಎಂಬ ಮಗ ಎಂಟನೆಯ ವಯಸ್ಸಿನಲ್ಲಿ ಕಾಯಿಲೆಯಿಂದ ತೀರಿಕೊಂಡನು. ಅವನ ನೆನಪಿನಲ್ಲಿ ಅವರು ಊರಿನ ಮಕ್ಕಳಿಗಾಗಿ ತಾರಾ ಶಾಲೆಯನ್ನು ತೆರೆದರು. ಪುಸ್ತಕದ ಓದಿನೊಂದಿಗೆ ಕೈಕೆಲಸಕ್ಕೂ ಅಲ್ಲಿ ಸ್ಥಾನವಿತ್ತು. ಕೋಟಗಢದ ಮುಂದಿನ ತಲೆಮಾರಿನ ಹಲವರು ಆ ಶಾಲೆಯಲ್ಲಿ ಕಲಿತವರು.

ಉಪನಿಷತ್ತು ಮತ್ತು ಭಗವದ್ಗೀತೆಗಳನ್ನು ಮೂಲದಲ್ಲಿಯೇ ಓದುವ ಸಲುವಾಗಿ ಸಂಸ್ಕೃತ ಕಲಿತ ಅವರು 1932ರಲ್ಲಿ ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದ ಎಂಬ ಹೆಸರನ್ನು ತಳೆದರು. ಆಗ್ನೆಸ್ ಅವರು ಪ್ರಿಯಾದೇವಿ ಎನಿಸಿದರು. 1937ರಲ್ಲಿ ಥಾನಾಧಾರ್‌ನಲ್ಲಿ ಪರಮಜ್ಯೋತಿ ಮಂದಿರವನ್ನು ಕಟ್ಟಿಸಿದರು. ಬೆಟ್ಟದ ಮಾದರಿಯ ಮರದ ಕೆತ್ತನೆಯ ಈ ಗುಡಿಯಲ್ಲಿ ಉಪನಿಷತ್ತು, ಗೀತೆಗಳ ವಾಕ್ಯಗಳನ್ನು ಕೆತ್ತಲಾಗಿದೆ.

1946ರ ಮೇ 14ರಂದು, ತಮ್ಮ 63ನೆಯ ವಯಸ್ಸಿನಲ್ಲಿ, ಅವರು ನಿಧನರಾದರು. ಸೇಬಿನ ಮರಗಳಲ್ಲಿ ಕಾಯಿ ಕಚ್ಚಿರುವ ತಿಂಗಳು ಅದು. ದೇಶ ಸ್ವತಂತ್ರವಾಗಲು ಇನ್ನೂ ಹದಿನೈದು ತಿಂಗಳಿದ್ದವು.

ಅನಂತರ ಬೆಳೆದದ್ದು

ಸ್ಟೋಕ್ಸ್ ಅವರ ಜೀವಿತಾವಧಿಯಲ್ಲಿ ಸೇಬು ಒಂದು ಸೀಮೆಯ ಬೆಳೆಯಾಗಿತ್ತಷ್ಟೆ. 1950–51ರಲ್ಲಿ ಹಿಮಾಚಲ ಪ್ರದೇಶದ ಒಟ್ಟು ಸೇಬಿನ ಕ್ಷೇತ್ರ ಸುಮಾರು 400 ಹೆಕ್ಟೇರ್. ಮೊದಲ ಮುಖ್ಯಮಂತ್ರಿ ಡಾ. ವೈ. ಎಸ್. ಪರಮಾರ್ ಅವರು ಬೆಟ್ಟಗಳಿಗೆ ರಸ್ತೆ ಮಾಡಿಸಿ ತೋಟಗಾರಿಕೆಗೆ ಒತ್ತು ಕೊಟ್ಟ ಮೇಲೆ ಲಾರಿಗಳು ತೋಟದ ಬುಡಕ್ಕೆ ಬರತೊಡಗಿದವು. ಇಂದು ಆ ಕ್ಷೇತ್ರ ಒಂದು ಲಕ್ಷ ಹೆಕ್ಟೇರ್ ಮೀರಿದೆ. ಶಿಮ್ಲಾ ಜಿಲ್ಲೆಯದೇ ದೊಡ್ಡ ಪಾಲು. ಈ ವಿಸ್ತರಣೆಯ ಬಹುಭಾಗ ಡೆಲಿಶಸ್ ಗುಂಪಿನ ತಳಿಗಳಿಂದಲೇ ಆದದ್ದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಒಂದೇ ಗುಂಪಿನ ತಳಿ ಬೆಟ್ಟದಿಂದ ಬೆಟ್ಟಕ್ಕೆ ಹಬ್ಬಿದಾಗ ರೋಗಕ್ಕೂ ಹಾದಿ ಸುಗಮವಾಗುತ್ತದೆ. 1980ರ ದಶಕದ ಆರಂಭದಲ್ಲಿ ಸ್ಕ್ಯಾಬ್ ಎಂಬ ಕಜ್ಜಿ ರೋಗ ಹಿಮಾಚಲದ ತೋಟಗಳಲ್ಲಿ ಸಾಂಕ್ರಾಮಿಕವಾಗಿ ಹರಡಿ ರೈತರಿಗೆ ಭಾರಿ ನಷ್ಟ ಉಂಟುಮಾಡಿತು. ಬೆಲೆ ಸಿಗುವುದು ಕೆಂಪು ಹಣ್ಣಿಗೆಂದು ಹಳದಿ ತಳಿಯ ಮರಗಳನ್ನು ಕಡಿಮೆ ಮಾಡುತ್ತ ಹೋದ ತೋಟಗಳಲ್ಲಿ ಪರಾಗದ ಕೊರತೆಯಿಂದ ಕಾಯಿ ಕಟ್ಟುವುದು ಕುಗ್ಗಿತು. ತೋಟದ ಕಾಲುಭಾಗದಿಂದ ಮೂರನೆಯ ಒಂದು ಭಾಗದಷ್ಟು ಮರಗಳು ಪರಾಗ ನೀಡುವ ತಳಿಗಳಾಗಿರಬೇಕೆಂದು ತಜ್ಞರು ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ. ಹೂವಿನ ಕಾಲದಲ್ಲಿ ಜೇನುಪೆಟ್ಟಿಗೆಗಳನ್ನು ಬಾಡಿಗೆಗೆ ತಂದಿಡುವ ಪದ್ಧತಿ ಈಗ ಅಲ್ಲಿ ಸಾಮಾನ್ಯ. ಚಳಿಗಾಲ ಬೆಚ್ಚಗಾಗುತ್ತ ಬಂದಂತೆ ತಗ್ಗಿನ ತೋಟಗಳಿಗೆ ಬೇಕಾದಷ್ಟು ಚಳಿ ಸಿಗದೆ ಸೇಬು ಬೆಟ್ಟದ ಮೇಲಕ್ಕೆ ಸರಿಯುತ್ತಿದೆ. ಕೆಳಗಿನ ರೈತರು ದಾಳಿಂಬೆ, ಕಿವಿಹಣ್ಣು, ತರಕಾರಿಗಳತ್ತ ಹೊರಳುತ್ತಿದ್ದಾರೆ. ಧಾನ್ಯದ ಬದಲು ಸೇಬು ನೆಡಬೇಕೇ ಬೇಡವೇ ಎಂದು ಅವರ ಹಿರಿಯರು ಮಾಡಿದ ಲೆಕ್ಕವನ್ನೇ ಈಗ ಅವರು ಸೇಬಿನ ಕುರಿತು ಮಾಡುತ್ತಿದ್ದಾರೆ.

ಥಾನಾಧಾರ್‌ನಲ್ಲಿ ಹಾರ್ಮನಿ ಹಾಲ್ ಮತ್ತು ಪರಮಜ್ಯೋತಿ ಮಂದಿರ ಎರಡೂ ಇಂದಿಗೂ ಇವೆ. ಏಪ್ರಿಲ್ ತಿಂಗಳಲ್ಲಿ ಅಲ್ಲಿಗೆ ಹೋದವರಿಗೆ ಮನೆಯ ಸುತ್ತಲೂ, ಅದರಾಚೆ ಊರವರ ಮೆಟ್ಟಿಲು ಹೊಲಗಳಲ್ಲೂ ಸೇಬಿನ ಬಿಳಿ ಹೂವು ಕಾಣುತ್ತದೆ.